ಎರಡು ಬಲದ ಕಲ್ಲು

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರು ಏನನ್ನಾದರೂ ಬರೆದು ಕಳುಹಿಸಬೇಕೆಂದು ಪತ್ರವು ಬಂದಾಗ, ನಾವು ಅಕ್ಕತಂಗಿಯರಿಬ್ಬರೂ ಬಹಳ ಹೊತ್ತು ಯೋಚಿಸಿದೆವು. ಬೆಳಗಿನ ಪ್ರಾರ್ಥನೆಯ ಗಂಟೆ, ವಸತಿಗೃಹದ ರಾಗಿಮುದ್ದೆ, ಕ್ರಿಸ್ಮಸ್ ಕಾಲದ ನಾಟಕ ಇವುಗಳನ್ನು ಕುರಿತು ನಮಗಿಂತ ಚೆನ್ನಾಗಿ ಬರೆಯಬಲ್ಲವರು ಅನೇಕರಿರುವರು. ಕಡೆಗೆ ನಮ್ಮಿಬ್ಬರ ಕೊರಳಲ್ಲಿಯೂ ಐವತ್ತು ವರ್ಷಗಳಿಂದ ಇರುವ ಎರಡು ನೀಲಿ ಪದಕಗಳೇ ನಮಗೆ ವಿಷಯವನ್ನು ಒದಗಿಸಿಕೊಟ್ಟವು. ಅವು ಬೆಲೆಬಾಳುವ ರತ್ನಗಳಲ್ಲ. ಆದರೂ ಅವುಗಳಲ್ಲಿ ನಮ್ಮ ತಂದೆಯವರ ಒಂದು ಎಕರೆ ಹೊಲವೂ, ನಮ್ಮಲ್ಲಿ ಕಿರಿಯಳ ವಿದ್ಯೆಯೂ, ನಮ್ಮ ವಿಜ್ಞಾನದ ಟೀಚರಮ್ಮನವರು ಕಲಿಸಿದ ಒಂದು ಪಾಠವೂ ಅಡಗಿರುವುದರಿಂದ, ಅವುಗಳ ಕಥೆಯನ್ನೇ ವಾಚಕರ ಮುಂದಿಡುತ್ತೇವೆ.

ನಮ್ಮ ಊರು ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರಿಗೆ ಸಮೀಪದಲ್ಲಿದೆ. ಹಾಸನದಿಂದ ಹೊಳೆನರಸೀಪುರದ ಮಾರ್ಗವಾಗಿ ಕೃಷ್ಣರಾಜನಗರಕ್ಕೆ ಹೋಗುವವರು ಹಳ್ಳಿಮೈಸೂರನ್ನು ದಾಟಿಯೇ ಹೋಗಬೇಕು. ಅಲ್ಲಿಯ ಕೆಲವು ಹೊಲಗಳ ಮಣ್ಣಿನಲ್ಲಿ ಅಭ್ರಕದ ಚೂರುಗಳು ಬಿಸಿಲಿಗೆ ಮಿನುಗುವುದನ್ನು ನಾವು ಚಿಕ್ಕಂದಿನಿಂದಲೂ ನೋಡಿದ್ದೆವು. 1974ನೆಯ ಇಸವಿಯ ಬೇಸಗೆಯಲ್ಲಿ ನಮ್ಮ ತಂದೆಯವರು ಹೊಲದ ಬದುವನ್ನು ಅಗೆಸುತ್ತಿದ್ದಾಗ ಒಂದು ಬಿಳಿಯ ಬೆಣಚುಕಲ್ಲಿನ ಗಡ್ಡೆಯು ಹಾರೆಗೆ ತಗಲಿ ಒಡೆಯಿತು. ಅದರೊಳಗೆ ಬೆರಳುದ್ದದ ಅಲಗುಗಳಂತೆ ನೀಲಿಯ ಹರಳುಗಳು ಒಂದರ ಮೇಲೊಂದು ಮಲಗಿದ್ದವು. ಹುಚ್ಚೆಳ್ಳಿನ ಹೊಲದ ಮೇಲೆ ಮಳೆ ನಿಂತ ಮರುದಿನ ಕಾಣುವ ಆಕಾಶದ ಬಣ್ಣವೇ ಅವುಗಳ ಬಣ್ಣವಾಗಿತ್ತು.

ಸುದ್ದಿಯು ಊರೆಲ್ಲ ಹಬ್ಬಿತು. ನಮ್ಮ ಅಜ್ಜಿಗೆ ಮಾತ್ರ ಅದು ಸಂತೋಷದ ಸುದ್ದಿಯಾಗಲಿಲ್ಲ. ನೀಲವೆಂಬುದು ಶನಿದೇವರ ಕಲ್ಲೆಂದೂ, ಆಗಿಬಂದರೆ ಅರಮನೆ, ಆಗಿಬಾರದಿದ್ದರೆ ಮನೆಯ ಜಂತೆಯೂ ಉಳಿಯದೆಂದೂ ಆಕೆಯು ನಂಬಿದ್ದಳು. “ಅದನ್ನ ಒಳಗೆ ತರಬೇಡ ಕಣಪ್ಪಾ, ಕೊಟ್ಟಿಗೆ ಸೂರಿಗೆ ಸಿಕ್ಕಿಸು” ಎಂದು ಆಕೆಯು ತಂದೆಯವರಿಗೆ ಹೇಳಿದಳು. ಹೀಗಾಗಿ ಆ ಕಲ್ಲುಗಳು ಒಂದು ಹಳೆಯ ಗೋಣಿಯ ತುಂಡಿನಲ್ಲಿ ಸುತ್ತಿ ಕೊಟ್ಟಿಗೆಯ ಸೂರಿನಲ್ಲಿಯೇ ಉಳಿದವು.

ಕೆಲವು ದಿನಗಳ ಮೇಲೆ ಪಟ್ಟಣದಿಂದ ಒಬ್ಬ ದಲ್ಲಾಳಿಯು ಬಂದನು. ಆತನು ಒಂದು ಹರಳನ್ನು ಎತ್ತಿ ಸೂರ್ಯನಿಗೆ ಹಿಡಿದು, ಇದು ಜಾತಿ ನೀಲವೇ ಸರಿಯೆಂದೂ, ಕೊರೆಯಿಸಿ ಸಾಣೆ ಹಿಡಿಸಿದರೆ ಸಾವಿರಾರು ರೂಪಾಯಿ ಬೆಲೆಯಾಗುವುದೆಂದೂ ಹೇಳಿದನು. ಆದರೆ ಕೊರೆಯಿಸುವ ಖರ್ಚಿಗೆಂದು ಮೊದಲು 500 ರೂಪಾಯಿಗಳನ್ನು ತಂದೆಯವರೇ ಕೊಡಬೇಕಾಗಿದ್ದಿತು. ಆ ಕಾಲದಲ್ಲಿ ನಮ್ಮ ಮನೆಗೆ 500 ರೂಪಾಯಿ ಎಂಬುದು ಸಣ್ಣ ಹಣವಲ್ಲ. ತಂದೆಯವರು ಹೊಲದಲ್ಲಿ ಒಂದು ಎಕರೆಯನ್ನು ಆಧಾರ ಮಾಡಿ ಹಣವನ್ನು ತರುವುದಾಗಿಯೂ, ಗೌರಿಹಬ್ಬದೊಳಗೆ ಕೊಡುವುದಾಗಿಯೂ ಮಾತು ಕೊಟ್ಟರು. ಅವರಿಗೆ ದುರಾಸೆಯಿದ್ದಿತೆಂದು ಯಾರೂ ಭಾವಿಸಬಾರದು. ನಮ್ಮಿಬ್ಬರಲ್ಲಿ ಹಿರಿಯಳು ಆಗ 10ನೆಯ ತರಗತಿಯಲ್ಲಿಯೂ, ಕಿರಿಯಳು 9ನೆಯ ತರಗತಿಯಲ್ಲಿಯೂ ಇದ್ದೆವು. ಇಬ್ಬರ ಫೀಜನ್ನೂ ವಸತಿಗೃಹದ ಖರ್ಚನ್ನೂ ಕೊಡುವ ಶಕ್ತಿ ತಮಗಿಲ್ಲವೆಂದೂ, ಮುಂದಿನ ವರ್ಷ ಕಿರಿಯಳು ಮನೆಯಲ್ಲಿಯೇ ನಿಲ್ಲಬೇಕಾಗಬಹುದೆಂದೂ ಅವರು ಆಗಲೇ ಹೇಳಿದ್ದರು. ಆ ನೀಲಿಯ ಅಲಗುಗಳಲ್ಲಿ ಅವರು ಕಂಡುದು ತಮ್ಮ ಮಗಳ ವಿದ್ಯೆಯನ್ನು.

ಜೂನ್ ತಿಂಗಳಲ್ಲಿ ಶಾಲೆಯು ಪ್ರಾರಂಭವಾದಾಗ, ಎಲ್ಲಕ್ಕಿಂತ ಚಿಕ್ಕದಾದ ಒಂದು ಹರಳನ್ನು ನಾವು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದೆವು. ಅದನ್ನು ವಿಜ್ಞಾನದ ಟೀಚರಮ್ಮನವರ ಮುಂದಿಟ್ಟು, “ಇದು ನೀಲವೇ ಅಮ್ಮಾ?” ಎಂದು ಕೇಳಿದೆವು. ಅವರು ಹೌದೆಂದಾಗಲಿ ಅಲ್ಲವೆಂದಾಗಲಿ ಹೇಳಲಿಲ್ಲ. “ಅದನ್ನು ನನ್ನನ್ನೇಕೆ ಕೇಳುತ್ತೀರಿ? ಕಲ್ಲನ್ನೇ ಕೇಳಿ. ಸಂಜೆ ಪ್ರಯೋಗಶಾಲೆಗೆ ಬನ್ನಿ” ಎಂದರು.

ಆ ಸಂಜೆಯಿಂದ ನಾಲ್ಕು ದಿನಗಳ ಕಾಲ ನಾವು ಆ ಕಲ್ಲನ್ನು ಪ್ರಶ್ನಿಸಿದೆವು. ಮೊದಲನೆಯದಾಗಿ, ಬಣ್ಣವನ್ನು ಕುರಿತು ಮಾತನಾಡಕೂಡದೆಂದು ಟೀಚರಮ್ಮನವರು ಕಟ್ಟುಮಾಡಿದರು. ಬಣ್ಣವು ಕಲ್ಲಿನ ಉಡುಪು; ಉಡುಪನ್ನು ನೋಡಿ ಮನುಷ್ಯರ ಗುಣವನ್ನು ಹೇಳಬಹುದಾದರೆ ಕಲ್ಲಿನ ಗುಣವನ್ನೂ ಹೇಳಬಹುದು ಎಂಬುದು ಅವರ ಮಾತು. ಆದುದರಿಂದ ನಾವು ಆಕಾರದಿಂದ ಆರಂಭಿಸಿದೆವು. ನೀಲವೆಂಬುದು ಬೇರೆ ಏನೂ ಅಲ್ಲ, ಸಾಣೆಕಲ್ಲಿಗೆ ಹಾಕುವ ಕುರಂದದ ಜಾತಿಯೇ ಎಂಬುದನ್ನು ಅಂದು ಮೊದಲು ತಿಳಿದು ನಮಗೆ ಆಶ್ಚರ್ಯವಾಯಿತು. ಕುರಂದವು ಶುದ್ಧವಾಗಿ ಕೆಂಪಾದರೆ ಮಾಣಿಕ್ಯ, ನೀಲಿಯಾದರೆ ನೀಲ, ಮಸುಕಾದರೆ ಅಕ್ಕಸಾಲಿಗನ ಸಾಣೆಯ ಪುಡಿ. ಅದರ ಹರಳುಗಳು ಸಾಮಾನ್ಯವಾಗಿ ಆರು ಮುಖಗಳುಳ್ಳವಾಗಿ ನಡು ಉಬ್ಬಿದ ಪೀಪಾಯಿಯಂತೆ ಇರುತ್ತವೆ. ನಮ್ಮ ಕಲ್ಲಾದರೋ ಚಪ್ಪಟೆಯಾಗಿ, ಉದ್ದನಾಗಿ, ಮೈಮೇಲೆ ಗೆರೆಗಳುಳ್ಳದಾಗಿ, ಕುಡುಗೋಲಿನ ಮುರಿದ ಅಲಗಿನಂತೆ ಇದ್ದಿತು.

ಎರಡನೆಯ ದಿನ ಕಾಠಿಣ್ಯದ ಪರೀಕ್ಷೆಯಾಯಿತು. ಫ್ರೆಡರಿಕ್ ಮೋಸ್ ಎಂಬ ವಿದ್ವಾಂಸನು 1812ರಲ್ಲಿ ಏರ್ಪಡಿಸಿದ ಒಂದು ಕ್ರಮವಿದೆ. ಅದರಲ್ಲಿ ಅತ್ಯಂತ ಮೃದುವಾದ ಬಳಪದ ಕಲ್ಲಿಗೆ 1, ವಜ್ರಕ್ಕೆ 10. ಬೆಣಚುಕಲ್ಲು 7, ಕುರಂದ 9. ನಮ್ಮ ಉಗುರು ಎರಡೂವರೆಯಷ್ಟು, ಉಕ್ಕಿನ ಚಾಕುವು ಐದೂವರೆಯಷ್ಟು ಗಟ್ಟಿ. ನೀಲವಾಗಿದ್ದರೆ ಚಾಕುವಿನಿಂದ ಅದರ ಮೇಲೆ ಒಂದು ಗೀರನ್ನಾದರೂ ಎಳೆಯಲಾಗದು. ನಮ್ಮಲ್ಲಿ ಹಿರಿಯಳು ಚಾಕುವಿನ ಮೊನೆಯನ್ನು ಕಲ್ಲಿನ ಅಡ್ಡಕ್ಕೆ ಎಳೆದಳು, ಗೀರು ಬೀಳಲಿಲ್ಲ. “ನೀಲವೇ!” ಎಂದು ನಾವಿಬ್ಬರೂ ಕೂಗಿದೆವು. ಟೀಚರಮ್ಮನವರು ನಗದೆ, “ಇನ್ನೊಂದು ದಿಕ್ಕಿನಲ್ಲಿ ಎಳೆಯಿರಿ” ಎಂದರು. ಕಿರಿಯಳು ಉದ್ದಕ್ಕೆ ಎಳೆದಳು. ಬಿಳಿಯ ಗೀರು ಸ್ಪಷ್ಟವಾಗಿ ಮೂಡಿತು. ನಾವು ನಂಬದೆ ಮತ್ತೆ ಮತ್ತೆ ಎಳೆದು ನೋಡಿದೆವು. ಅಡ್ಡಕ್ಕೆ ಎಳೆದಾಗ ಉಕ್ಕಿಗೆ ಮಣಿಯದ ಕಲ್ಲು ಉದ್ದಕ್ಕೆ ಎಳೆದಾಗ ಮಣಿಯುತ್ತಿದ್ದಿತು.

ಮೂರನೆಯ ದಿನ ತೂಕ. ಬೆಣಚಿನ ಅಂಶವನ್ನೆಲ್ಲ ಬಿಡಿಸಿದ ಮೇಲೆ ಹರಳು ತಕ್ಕಡಿಯಲ್ಲಿ 18 ಗ್ರಾಂ ತೂಗಿತು. ರೇಷ್ಮೆಯ ದಾರದಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದಾಗ 13 ಗ್ರಾಂ. ನೀರಿನಲ್ಲಿ ಕಳೆದುಕೊಂಡ ತೂಕ 5 ಗ್ರಾಂ. ಹದಿನೆಂಟನ್ನು ಐದರಿಂದ ಭಾಗಿಸಿದರೆ 3.6. ಸಾಮಾನ್ಯ ಗಾಜಿಗೆ ಈ ಸಂಖ್ಯೆಯು ಸುಮಾರು 2.5, ನೀಲಕ್ಕೆ 4. ನಮ್ಮ ಕಲ್ಲು ಗಾಜೂ ಅಲ್ಲ, ನೀಲವೂ ಅಲ್ಲ. ನಾಲ್ಕನೆಯ ದಿನ ಟೀಚರಮ್ಮನವರು ಒಂದು ದಪ್ಪ ಪುಸ್ತಕವನ್ನು ತಂದು, ನಾವು ಬರೆದುಕೊಂಡಿದ್ದ ಲಕ್ಷಣಗಳನ್ನು ನಾವೇ ಅದರಲ್ಲಿ ಹುಡುಕಬೇಕೆಂದರು. ಬಹಳ ಹೊತ್ತಿನ ಮೇಲೆ ಹೆಸರು ದೊರೆಯಿತು: ಕಯನೈಟ್.

ನೀಲಿ ಎಂಬ ಅರ್ಥದ ಗ್ರೀಕ್ ಶಬ್ದದಿಂದ ಆ ಹೆಸರನ್ನು ಜರ್ಮನಿಯ ವೆರ್ನರ್ ಎಂಬ ಪಂಡಿತನು 1789ರಲ್ಲಿ ಇಟ್ಟನು. ಅದಕ್ಕೆ ಇನ್ನೊಂದು ಹೆಸರೂ ಉಂಟು. ಫ್ರಾನ್ಸಿನ ಅಯೂಯಿ ಎಂಬ ಪಾದ್ರಿಯು 1801ರಲ್ಲಿ ಅದನ್ನು ದಿಸ್ತೀನ್ ಎಂದು ಕರೆದನು. ಎರಡು ಬಲಗಳುಳ್ಳದ್ದು ಎಂಬುದು ಅದರ ಅರ್ಥ.

ನಮ್ಮ ಊರಿನ ನೆಲದಲ್ಲಿ ಈ ಕಲ್ಲು ಹೇಗೆ ಬಂದಿತೆಂಬುದನ್ನು ಟೀಚರಮ್ಮನವರು ಆಗ ಸ್ವಲ್ಪವೂ, ಮುಂದೆ ನಾವೇ ಓದಿ ಇನ್ನಷ್ಟೂ ತಿಳಿದುಕೊಂಡೆವು. ಹೊಳೆನರಸೀಪುರದ ಸುತ್ತಮುತ್ತಲಿನ ಪದರಶಿಲೆಗಳು ಕನ್ನಡನಾಡಿನ ಅತಿ ಪ್ರಾಚೀನ ಶಿಲೆಗಳಲ್ಲಿ ಸೇರಿದವು. ಅಲ್ಲಿಗೆ ಹತ್ತಿರದ ಗೊರೂರಿನ ಕಡೆಯ ನೈಸ್ ಶಿಲೆಗಳ ವಯಸ್ಸು 330 ಕೋಟಿ ವರ್ಷಗಳಿಗೂ ಮೇಲ್ಪಟ್ಟುದೆಂದು ಭೂವಿಜ್ಞಾನಿಗಳು ಲೆಕ್ಕಹಾಕಿರುವರು. ಬಹು ಹಿಂದೆ ನೀರಿನ ತಳದಲ್ಲಿ ನಿಂತ ಸಾಮಾನ್ಯವಾದ ಜೇಡಿಮಣ್ಣು ಭೂಮಿಯ ಆಳಕ್ಕೆ ಇಳಿದು, ಅಲ್ಲಿಯ ಭಾರಕ್ಕೂ ಉಷ್ಣಕ್ಕೂ ಸಿಕ್ಕಿ, ತನ್ನೊಳಗಿನ ಅಲ್ಯೂಮಿನಿಯಂ, ಸಿಲಿಕಾನ್, ಆಮ್ಲಜನಕಗಳನ್ನು ಹೊಸದಾಗಿ ಜೋಡಿಸಿಕೊಂಡಾಗ ಕಯನೈಟ್ ಆಯಿತು. ಅದೇ ದ್ರವ್ಯಗಳು ಅದೇ ಪ್ರಮಾಣದಲ್ಲಿ ಸೇರಿ, ಭಾರ ಕಡಮೆಯಾದಲ್ಲಿ ಆಂಡಲೂಸೈಟ್ ಎಂಬ ಕಲ್ಲಾಗಿಯೂ, ಉಷ್ಣ ಹೆಚ್ಚಾದಲ್ಲಿ ಸಿಲಿಮನೈಟ್ ಎಂಬ ಕಲ್ಲಾಗಿಯೂ ಆಗುವುದುಂಟು. ಒಂದೇ ಮಣ್ಣಿನ ಮೂವರು ಮಕ್ಕಳು. ಪಟ್ಟ ಪಾಡು ಬೇರೆಯಾದುದರಿಂದ ರೂಪವೂ ಬೇರೆ. ಕಬ್ಬಿಣ ಮತ್ತು ಟೈಟೇನಿಯಂಗಳ ಲೇಶವು ಸೇರಿ ಕಯನೈಟಿಗೆ ನೀಲಿ ಬರುತ್ತದೆ. ನಮ್ಮ ಸೀಮೆಯ ಶಿಲೆಗಳಲ್ಲಿ ಅದರ ಜೊತೆಗೆ ಕೆಂಪು ಗಾರ್ನೆಟ್ಟೂ, ಸ್ಟಾರೊಲೈಟ್ ಎಂಬ ಕಂದು ಕಲ್ಲೂ ಇವೆ. ಸ್ಟಾರೊಲೈಟಿನ ಹರಳುಗಳು ಎರಡೆರಡಾಗಿ ಒಂದನ್ನೊಂದು ಹಾಯ್ದು ಶಿಲುಬೆಯ ಆಕಾರದಲ್ಲಿ ಬೆಳೆಯುವುದುಂಟೆಂದೂ, ಶಿಲುಬೆ ಎಂಬ ಗ್ರೀಕ್ ಮಾತಿನಿಂದಲೇ ಅದಕ್ಕೆ ಆ ಹೆಸರು ಬಂದಿತೆಂದೂ ಟೀಚರಮ್ಮನವರು ಚಿತ್ರ ತೋರಿಸಿ ಹೇಳಿದುದು ನಮಗೆ ಇಂದಿಗೂ ನೆನಪಿದೆ. ಕಯನೈಟಿನ ಮುಖ್ಯ ಉಪಯೋಗವಾದರೋ ಆಭರಣದಲ್ಲಲ್ಲ, ಕುಲುಮೆಯಲ್ಲಿ. ಸುಮಾರು 1300 ಡಿಗ್ರಿ ಸೆಂಟಿಗ್ರೇಡಿಗೂ ಮೀರಿದ ಉಷ್ಣದಲ್ಲಿ ಅದು ಉಬ್ಬಿ, ಬೆಂಕಿಗೆ ಅಂಜದ ಮುಲೈಟ್ ಎಂಬ ವಸ್ತುವಾಗುವುದರಿಂದ, ಉಕ್ಕಿನ ಕುಲುಮೆಗಳ ಇಟ್ಟಿಗೆಗೆ ಅದನ್ನು ಬಳಸುತ್ತಾರೆ.

ಇಷ್ಟೆಲ್ಲ ತಿಳಿದು ನಮಗೆ ಉಂಟಾದ ಸಂತೋಷವು ವಸತಿಗೃಹದ ಮೆಟ್ಟಿಲನ್ನು ಹತ್ತುವುದರೊಳಗೆ ಮಾಯವಾಯಿತು. ಇದನ್ನು ತಂದೆಯವರಿಗೆ ಹೇಳುವುದು ಹೇಗೆ? ಹೇಳದಿದ್ದರೆ ಹೊಲವು ಆಧಾರವಾಗುವುದು. ಹೇಳಿದರೆ ಅವರ ಆಸೆಯು ಮಣ್ಣಾಗುವುದು, ಕಿರಿಯಳ ಓದೂ ಅದರೊಡನೆ ನಿಲ್ಲುವುದು. ಆ ಭಾನುವಾರದ ಆರಾಧನೆಯಲ್ಲಿ ಯೋಬನ ಗ್ರಂಥದ 28ನೆಯ ಅಧ್ಯಾಯವನ್ನು ಓದಿದರು. ಮನುಷ್ಯರು ಕತ್ತಲೆಯಲ್ಲಿ ಬೆಟ್ಟಗಳನ್ನು ಅಗೆದು ನೀಲವನ್ನೂ ಚಿನ್ನವನ್ನೂ ಹೊರಗೆ ತೆಗೆಯುವರು, ಆದರೆ ಜ್ಞಾನವು ಯಾವ ಗಣಿಯಲ್ಲಿ ಸಿಕ್ಕುವುದು ಎಂದು ವಿಚಾರಿಸುವ ಅಧ್ಯಾಯವದು. ನಾವು ಕ್ರೈಸ್ತರ ಮನೆಯ ಮಕ್ಕಳಲ್ಲ. ಆದರೂ ಆ ದಿನ ಆ ಮಾತು ನಮಗೆಂದೇ ಹೇಳಿದಂತೆ ಕೇಳಿಸಿತು.

ಮುಂದಿನ ಶನಿವಾರ ಅಪ್ಪಣೆ ಪಡೆದು ಊರಿಗೆ ಹೋದೆವು. ಊಟವಾದ ಮೇಲೆ ತಂದೆಯವರ ಮುಂದೆ ಕಲ್ಲನ್ನಿಟ್ಟು, ಚಾಕುವಿನಿಂದ ಉದ್ದಕ್ಕೂ ಅಡ್ಡಕ್ಕೂ ಗೀರಿ ತೋರಿಸಿ, “ಇದು ನೀಲವಲ್ಲ ಅಪ್ಪಯ್ಯ” ಎಂದೆವು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ನಿಮ್ಮನ್ನು ಓದಿಸಿದ್ದಕ್ಕೆ ಇದೇ ಏನು ಫಲ?” ಎಂದು ಎದ್ದು ಕೊಟ್ಟಿಗೆಯ ಕಡೆಗೆ ಹೋದರು. ನಮ್ಮ ತಾಯಿಯವರು ಒಲೆಯ ಮುಂದೆ ತಲೆ ತಗ್ಗಿಸಿ ಕುಳಿತಿದ್ದರು. ಅಜ್ಜಿಯೊಬ್ಬಳೇ ಕೈಮುಗಿದು, “ಸದ್ಯ, ಶನಿದೇವರು ನಮ್ಮ ಹೊಲದಾಗಿಲ್ಲ” ಎಂದಳು. ನಾವು ಆ ರಾತ್ರಿ ಅತ್ತೆವು. ಸತ್ಯವನ್ನು ಹೇಳಿದವರಿಗೆ ಕೂಡಲೆ ಸಮಾಧಾನವಾಗುವುದೆಂದು ನಾವು ಪಾಠಗಳಲ್ಲಿ ಓದಿದ್ದೆವು. ನಮಗೆ ಹಾಗೆ ಆಗಲಿಲ್ಲ.

ಬೆಳಗ್ಗೆ ತಂದೆಯವರು ಹೊಲಕ್ಕೆ ಹೊರಡುವ ಮುಂಚೆ ನಮ್ಮನ್ನು ಕರೆದರು. ಕಲ್ಲು ಅವರ ಕೈಯಲ್ಲಿದ್ದಿತು. ಅದರ ಮೇಲೆ ನಾವು ಎಳೆಯದಿದ್ದ ಹೊಸ ಗೀರುಗಳಿದ್ದವು. ರಾತ್ರಿ ದೀಪವನ್ನು ಹಚ್ಚಿಕೊಂಡು ಅವರೂ ಕಲ್ಲನ್ನು ಪ್ರಶ್ನಿಸಿದ್ದರು. “ಆ ಮನುಷ್ಯನಿಗೆ ಹಣವಿಲ್ಲ ಎಂದು ಹೇಳಿಕಳುಹಿಸುತ್ತೇನೆ” ಎಂದಷ್ಟೇ ಹೇಳಿದರು. ದಲ್ಲಾಳಿಯು ಮತ್ತೆ ನಮ್ಮ ಊರಿಗೆ ಬರಲಿಲ್ಲ. ಆತನೇ ಅದನ್ನು ನೀಲವೆಂದು ನಂಬಿದ್ದನೋ, ನಮ್ಮನ್ನು ನಂಬಿಸಿದ್ದನೋ, ಅದನ್ನು ನಾವು ಇಂದು ತೀರ್ಮಾನಿಸಲಾರೆವು.

ದಸರೆಯ ರಜದಲ್ಲಿ, ಬೆಲೆಯಿಲ್ಲದಿದ್ದರೂ ಅಂದವಾದ ಆ ಕಲ್ಲಿನಿಂದ ಒಂದು ಪದಕವನ್ನಾದರೂ ಮಾಡಿಸಬೇಕೆಂದು ನಮಗೆ ಆಸೆಯಾಯಿತು. ಹೊಳೆನರಸೀಪುರದಲ್ಲಿ ನಮ್ಮ ಮನೆಗೆ ಬಹು ಕಾಲದಿಂದ ಓಲೆ ಮೂಗುಬೊಟ್ಟುಗಳನ್ನು ಮಾಡಿಕೊಡುತ್ತಿದ್ದ ವೃದ್ಧರಾದ ಅಕ್ಕಸಾಲಿಗರೊಬ್ಬರಿದ್ದರು. ಇಂತಹ ಕಲ್ಲನ್ನು ತಾವು ಎಂದೂ ಹಿಡಿದವರಲ್ಲವೆಂದು ಅವರು ಮೊದಲೇ ಹೇಳಿದರು. ಆದರೆ ನಾವೇ ತಿಳಿದವರೆಂಬ ಜಂಬದಿಂದ, “ದುಂಡಗೆ ಮಾಡಿ ಆಚಾರ್ರೇ, ನೀಲದ ಹಾಗೆ ಕಾಣಬೇಕು” ಎಂದೆವು. ಅವರು ಹರಳನ್ನು ಕಾಸಿದ ಅರಗಿನಲ್ಲಿ ನಿಲ್ಲಿಸಿ, ಕುರಂದದ ಪುಡಿಯನ್ನೂ ಅರಗನ್ನೂ ಬೆರಸಿ ಮಾಡಿದ ಸಾಣೆಗೆ ಒತ್ತಿದರು. ಒಂದು ಸುತ್ತು, ಎರಡು ಸುತ್ತು. ಮೂರನೆಯ ಸುತ್ತಿಗೆ ಟಿಕ್ಕೆಂಬ ಸದ್ದಾಯಿತು. ಎಲ್ಲಕ್ಕಿಂತ ಚೆನ್ನಾಗಿದ್ದ ನಮ್ಮ ಹರಳು ಉದ್ದುದ್ದವಾಗಿ ಸೀಳಿ ಚೂರಾಗಿ ಅವರ ತೊಡೆಯ ಮೇಲೆ ಬಿದ್ದಿತು. ಅವರು ಬೈಯಲಿಲ್ಲ. ಚೂರುಗಳನ್ನು ಆರಿಸಿ ನಮ್ಮ ಅಂಗೈಗೆ ಹಾಕಿ, “ಕೈಗೆ ಬುದ್ಧಿ ಬರೋ ಮೊದಲು ಕಣ್ಣಿಗೆ ಬರಬೇಕು ತಾಯಿ. ಇದನ್ನು ನೋಡಿಕೊಂಡು ಬನ್ನಿ” ಎಂದರು.

ಆ ಚೂರುಗಳನ್ನು ಟೀಚರಮ್ಮನವರಿಗೆ ತೋರಿಸಿದಾಗ ಅವರು ದಿಸ್ತೀನ್ ಎಂದು ಹೆಸರಿಟ್ಟ ಪಾದ್ರಿಯ ಕಥೆಯನ್ನೇ ಹೇಳಿದರು. ಅಯೂಯಿಯವರು ಒಮ್ಮೆ ಸ್ನೇಹಿತನ ಮನೆಯಲ್ಲಿ ಕ್ಯಾಲ್ಸೈಟಿನ ಹರಳೊಂದನ್ನು ನೋಡುತ್ತಿದ್ದಾಗ ಅದು ಕೈಜಾರಿ ಬಿದ್ದು ಒಡೆಯಿತಂತೆ. ಚೂರುಗಳನ್ನು ಆಯುತ್ತಾ ನೋಡಿದರೆ ಒಂದೊಂದು ಚೂರೂ ಒಂದೇ ಆಕಾರ. ಹರಳು ಮನಬಂದಂತೆ ಒಡೆಯುವುದಿಲ್ಲ, ಅದರ ಒಳಗಿನ ಕಟ್ಟಡವು ಹೇಳಿದಂತೆ ಒಡೆಯುತ್ತದೆ ಎಂಬ ದೊಡ್ಡ ವಿಷಯವು ಅಲ್ಲಿಂದ ಅವರಿಗೆ ಹೊಳೆಯಿತೆಂದು ಹೇಳುವರು. “ಒಡೆದ ಮೇಲಾದರೂ ನೋಡಿ, ಆಗಲೂ ನೋಡದಿದ್ದರೆ ನಿಜವಾದ ನಷ್ಟ” ಎಂದರು ನಮ್ಮ ಟೀಚರಮ್ಮನವರು.

ಆಮೇಲೆ ನಾವು ಎಂಟು ದಿನ ಉಳಿದ ಎರಡು ಹರಳುಗಳನ್ನು ನೋಡಿದೆವು. ಬೆಳಕಿಗೆ ಅಡ್ಡ ಹಿಡಿದು, ಸೀಳು ಯಾವ ಕಡೆಗೆ ಓಡುವುದೆಂಬುದನ್ನು ಮಸಿಯಿಂದ ಗುರುತು ಮಾಡಿದೆವು. ಬಣ್ಣವು ನಡುವಿನಲ್ಲಿ ಗಾಢವಾಗಿ ಅಂಚಿನಲ್ಲಿ ತಿಳಿಯಾಗಿರುವುದನ್ನು ಕಂಡೆವು. ಈ ಕಲ್ಲನ್ನು ದುಂಡಗೆ ಮಾಡಬಾರದು, ಅದು ಬೆಳೆದ ಉದ್ದವನ್ನೇ ಉಳಿಸಬೇಕು; ಸಾಣೆಗೆ ಒತ್ತಬಾರದು, ತಾಗಿಸಬೇಕು; ಮೆತ್ತಗಿನ ದಿಕ್ಕು ಬೇಗ ಸವೆಯುವುದರಿಂದ ಎರಡು ದಿಕ್ಕಿಗೂ ಒಂದೇ ಬಲ ಹಾಕಬಾರದು; ಅರಗನ್ನು ಹೆಚ್ಚು ಕಾಸಬಾರದು; ಕೊಕ್ಕೆಗಳಿಂದ ಕಚ್ಚಿಸದೆ ಸುತ್ತಲೂ ಪಟ್ಟಿ ಕಟ್ಟಿ ಕೂರಿಸಬೇಕು. ಇವಿಷ್ಟನ್ನೂ ಬರೆದುಕೊಂಡು ಹೋಗಿ ಆಚಾರ್ಯರಿಗೆ ಓದಿ ಹೇಳಿದೆವು. ಅವರು ಗಮನವಿಟ್ಟು ಕೇಳಿ, ಕಡೆಯ ಎರಡನ್ನು ತಾವೂ ಎಣಿಸಿದ್ದುದಾಗಿ ಹೇಳಿ, ನಯವಾದ ಪುಡಿಯಿಂದ ಎರಡು ದಿನ ಕೈಯಲ್ಲಿಯೇ ಉಜ್ಜಿದರು. ಬಣ್ಣವು ಹೆಚ್ಚಾಗಿ ಕಾಣಲು ಕಲ್ಲಿನ ಹಿಂದೆ ನೀಲಿಯ ಬೇಗಡೆಯನ್ನು ಇಡಲೇ ಎಂದು ಅವರು ಕೇಳಿದಾಗ ಬೇಡವೆಂದೆವು. ಅದು ಏನಾಗಿರುವುದೋ ಅದಾಗಿಯೇ ಕಾಣಲಿ ಎಂಬುದು ನಮ್ಮ ಇಚ್ಛೆಯಾಗಿದ್ದಿತು. ಬೆಳ್ಳಿಯ ಪಟ್ಟಿಯಲ್ಲಿ ಕುಳಿತ ಆ ಎರಡು ಪದಕಗಳೇ ಇಂದು ನಮ್ಮ ಕೊರಳಲ್ಲಿರುವುವು.

ಕಿರಿಯಳ ಓದಿನ ವಿಷಯವನ್ನು ಹೇಳದಿದ್ದರೆ ಕಥೆಯು ಮುಗಿಯದು. ನಾವು ಯಾರೊಡನೆಯೂ ಹೇಳದಿದ್ದರೂ ಟೀಚರಮ್ಮನವರು ನಮ್ಮ ಮನೆಯ ಸ್ಥಿತಿಯನ್ನು ಊಹಿಸಿ ಮುಖ್ಯೋಪಾಧ್ಯಾಯಿನಿಯವರಿಗೆ ತಿಳಿಸಿದ್ದರು. ಮುಂದಿನ ವರ್ಷ ಕಿರಿಯಳಿಗೆ ಅರ್ಧ ಫೀಜನ್ನು ಬಿಟ್ಟರು. ಉಳಿದರ್ಧವನ್ನು ತಂದೆಯವರು ಆಧಾರವಾಗದೆ ಉಳಿದ ಆ ಎಕರೆಯ ರಾಗಿಯಿಂದ ಕಟ್ಟಿದರು. ಫೀಜನ್ನು ಕಟ್ಟಲು ತಾವೇ ಶಾಲೆಗೆ ಬಂದ ದಿನ ಅವರು ಟೀಚರಮ್ಮನವರಿಗೆ ಒಂದು ಚೀಲ ಅವರೆಕಾಯನ್ನು ಕೊಟ್ಟು, “ನನ್ನ ಮಕ್ಕಳು ನನ್ನನ್ನು ಉಳಿಸಿದವು ತಾಯಿ” ಎಂದರು. ಮನೆಯಲ್ಲಿ ನಮಗೆ ಆ ಮಾತನ್ನು ಅವರು ಎಂದೂ ಹೇಳಿರಲಿಲ್ಲ.

ಈಗ ನಮ್ಮ ತಂದೆಯವರಿಲ್ಲ, ಅಜ್ಜಿಯಿಲ್ಲ, ಆ ಆಚಾರ್ಯರೂ ಟೀಚರಮ್ಮನವರೂ ಇಲ್ಲ. ನಾವಿಬ್ಬರೂ ಬಹುಕಾಲ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದೆವು. ಈ ಸಂಚಿಕೆಯನ್ನು ಓದುವ ತಂದೆತಾಯಿಗಳಿಗೆ ನಾವು ಬಿನ್ನವಿಸಿಕೊಳ್ಳುವುದು ಇಷ್ಟೇ. ತಮ್ಮ ಹೆಣ್ಣುಮಕ್ಕಳನ್ನು ಇಂತಹ ಆಕಾರಕ್ಕೆ ತರಬೇಕೆಂದು ಸಾಣೆಗೆ ಒತ್ತುವ ಮುಂಚೆ, ಅವರು ಯಾವ ದಿಕ್ಕಿನಲ್ಲಿ ಗಟ್ಟಿ, ಯಾವ ದಿಕ್ಕಿನಲ್ಲಿ ಮೃದು ಎಂಬುದನ್ನು ನಿಧಾನವಾಗಿ ನೋಡಬೇಕು. ಒಬ್ಬಳೇ ಹುಡುಗಿಯಲ್ಲಿ ಉಕ್ಕಿಗೂ ಮಣಿಯದ ಬಲವೊಂದು, ಸೂಜಿಗೂ ಸೀಳಬಹುದಾದ ಬಲವೊಂದು ಇರುವುದುಂಟು. ನಮ್ಮ ಶಾಲೆಯು ನಮ್ಮನ್ನು ಹಾಗೆ ನೋಡಿ, ನಾವು ಬೆಳೆದ ಉದ್ದವನ್ನು ಕತ್ತರಿಸದೆ, ಹಿಂದೆ ಬೇಗಡೆಯನ್ನು ಇಡದೆ ನಮ್ಮನ್ನು ತಿದ್ದಿತು. ಅದರ ಉಪಾಧ್ಯಾಯಿನಿಯರನ್ನೂ, ಈಗ ಅದರ ಬೆಂಚುಗಳ ಮೇಲೆ ಕುಳಿತಿರುವ ಮಕ್ಕಳನ್ನೂ ದೇವರು ಆಶೀರ್ವದಿಸಲಿ.